ಚಿಯಾ ಬೀಜ: ನೆನೆಸದೆ ನುಂಗಬೇಡಿ

ಆಳಂದ ತಾಲೂಕಿನ ಮಟಕಿಯಿಂದ ಬಂದಿದ್ದ ಸಹೋದರಿಯೊಬ್ಬರು ಚೀಲದಿಂದ ಸಣ್ಣ ಪೊಟ್ಟಣ ತೆಗೆದು ಕೇಳಿದರು: "ಹಕೀಮ್ ಸಾಬ್, ಇದು ನಮ್ಮ ತುಕ್ಮಲಂಗಾನೇ ಅಲ್ಲೇನ್ರಿ? ಮಾವಗ ಶುಗರ್ ಅದ, ಕೊಡಬಹುದೇನ್ರಿ?"

ಅಲ್ಲ. ತುಕ್ಮಲಂಗಾ ಎಂದು ನಾವು ಶರಬತ್ತಿಗೆ ಹಾಕುವುದು ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ. ಅದು ಕಪ್ಪಗಿರುತ್ತದೆ, ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ಬೂದು, ಬಿಳಿ, ಕಂದು ಬಣ್ಣಗಳಲ್ಲಿ ಬೆರೆತಿರುತ್ತದೆ, ನಿಧಾನವಾಗಿ ಉಬ್ಬುತ್ತದೆ. ಇದರ ಮೂಲ ಮೆಕ್ಸಿಕೋ, ಗ್ವಾಟೆಮಾಲಾ. ಹಾಗಾಗಿ ಇಬ್ನ್ ಸೀನಾರ ಕಾಲದ ಯುನಾನಿ ಗ್ರಂಥಗಳಲ್ಲಿ ಇದನ್ನು ಹುಡುಕಬೇಡಿ. ನಮ್ಮ ರಾಜ್ಯದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ಇದರ ಬೇಸಾಯವನ್ನು ರೈತರಿಗೆ ಪರಿಚಯಿಸಿತು.

ಪ್ರಯೋಜನವೇನು? 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು, 17 ಗ್ರಾಂ ಪ್ರೋಟೀನ್, 600 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಒಮೆಗಾ-3 ಕೊಬ್ಬೂ ಇದೆ. ನಾರು ಮಲಬದ್ಧತೆ ತಗ್ಗಿಸುತ್ತದೆ, ಊಟದ ನಂತರ ಸಕ್ಕರೆ ಏರುವುದನ್ನು ನಿಧಾನಗೊಳಿಸುತ್ತದೆ. ಆದರೆ ಇದು ಶುಗರ್ ಮಾತ್ರೆಗೆ ಬದಲಿಯಲ್ಲ.

ಅಪಾಯ ಎಲ್ಲಿದೆ? ಈ ಬೀಜ ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಹೀರುತ್ತದೆ. ಅಮೆರಿಕದಲ್ಲಿ 39 ವರ್ಷದ ಒಬ್ಬರು ಒಂದು ಚಮಚ ಒಣ ಬೀಜ ನುಂಗಿ ಮೇಲೆ ನೀರು ಕುಡಿದರು. ಬೀಜ ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಂಡಿತು. ಎಂಡೋಸ್ಕೋಪಿ ಮಾಡಿ ಅಡಚಣೆ ನಿವಾರಿಸಬೇಕಾಯಿತು. 2014ರಲ್ಲಿ ಅಲ್ಲಿನ ವೈದ್ಯರು ಇದನ್ನು ವರದಿ ಮಾಡಿದರು.

ಆದ್ದರಿಂದ ಹೀಗೆ ಮಾಡಿ:

• ಒಂದು ಚಿಕ್ಕ ಚಮಚದಿಂದ ಆರಂಭಿಸಿ. ಒಂದು ಲೋಟ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಸಿ, ಗಂಟು ಕಟ್ಟದಂತೆ ಕಲಕಿ. ರಮಝಾನ್‌ನಲ್ಲಿ ಅಸರ್ ಹೊತ್ತಿಗೆ ನೆನೆಹಾಕಿದರೆ ಇಫ್ತಾರ್‌ಗೆ ಸಿದ್ಧ.
• ದಿನಕ್ಕೆ ಒಂದು ದೊಡ್ಡ ಚಮಚ ಸಾಕು. ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಇಡೀ ದಿನ ನೀರು ಚೆನ್ನಾಗಿ ಕುಡಿಯಿರಿ.
• ಚಿಕ್ಕ ಮಕ್ಕಳ ಕೈಗೆ ಒಣ ಬೀಜ ಕೊಡಬೇಡಿ.
• ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಅಥವಾ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ಕರುಳಿನ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಆ ಸಹೋದರಿಯ ಮಾವನ ಬಗ್ಗೆ ಇನ್ನಷ್ಟು ವಿಚಾರಿಸಿದೆ. ಅವರಿಗೆ ಲಕ್ವಾ ಹೊಡೆದಿತ್ತು, ನೀರು ಕುಡಿದರೂ ಕೆಮ್ಮು ಬರುತ್ತಿತ್ತು. ನುಂಗಲು ತೊಂದರೆ ಇರುವವರಿಗೆ ಚಿಯಾ ಬೇಡವೆಂದು ಹೇಳಿ ಕಳುಹಿಸಿದೆ. ಅವರು ಶುಗರ್ ಒಂದನ್ನೇ ಹೇಳಿದ್ದರು. ಕೇಳದಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಚಿಯಾ ಕೊಳ್ಳಲು ದುಬಾರಿ ಎನಿಸಿದರೆ ಚಿಂತೆ ಬೇಡ. ಜೋಳದ ರೊಟ್ಟಿಗೆ ನಾವು ಹಚ್ಚಿಕೊಳ್ಳುವ ಅಗಸಿ ಹಿಂಡಿಯಲ್ಲೂ ಅದೇ ಬಗೆಯ ಒಮೆಗಾ-3 ಇದೆ, ನಾರೂ ಇದೆ. ಯುನಾನಿಯಲ್ಲಿ ಅಗಸಿಗೆ ತುಖ್ಮೆ ಕತಾನ್ ಎನ್ನುತ್ತಾರೆ. ಅದನ್ನು ಹುರಿದು ಕುಟ್ಟಿ ತಿನ್ನಿ. ಇಡಿಯಾಗಿ ನುಂಗಿದರೆ ಜೀರ್ಣವಾಗದೆ ಹೊರಹೋಗುತ್ತದೆ.