‘ಆವರೇಜ್ ಎಷ್ಟ ಕೊಡ್ತದ?’ – ಎರಡು ಗಾಡಿ, ನಿಮ್ಮ ಲೆಕ್ಕ



ಮನೆಯಲ್ಲಿ ಹೊಸ ಗಾಡಿ ತಗೊಳ್ಳುವ ಮಾತು ಬಂತೆಂದರೆ ಮೊದಲ ಪ್ರಶ್ನೆ ಒಂದೇ: “ಆವರೇಜ್ ಎಷ್ಟ ಕೊಡ್ತದ?” ಕಾಕಾ ಒಂದು ಸಂಖ್ಯೆ ಹೇಳ್ತಾರೆ, ಮಗ್ಗಲ ಮನೆಯವರು ಇನ್ನೊಂದು ಹೇಳ್ತಾರೆ, ಅಂಗಡಿಯವರು ಮೂರನೆಯದು ಹೇಳ್ತಾರೆ. ಕೇಳಿ ಕೇಳಿ ಅಪ್ಪನ ತಲೆ ತಿರುಗಿರುತ್ತದೆ. ಆಗ ವಹಿ-ಪೆನ್ನು ಹಿಡಿದು ಕೂಡ್ರಬೇಕಾದವರು ಯಾರು? ನೀವೇ. ಇದಕ್ಕೆ ಬೇಕಾದ ಗಣಿತ, ವಿಜ್ಞಾನ ಎರಡೂ ನಿಮ್ಮ ಪುಸ್ತಕದಲ್ಲಿಯೇ ಇವೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆ ಅಕ್ಕಲಕೋಟದಲ್ಲಿ, ಅಪ್ಪನ ಕೆಲಸ ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ. ವಳಸಂಗ, ಕುಂಭಾರಿ ದಾಟಿ ಹೋಗಲಿಕ್ಕೆ ಸುಮಾರು 40 ಕಿ.ಮೀ., ಬರಲಿಕ್ಕೆ 40. ತಿಂಗಳಿಗೆ 25 ದಿನ ಕೆಲಸ ಹಿಡಿದರೆ 2,000 ಕಿ.ಮೀ. ಹೆಚ್ಚಿನ ದಿನ ಅಪ್ಪ ಒಬ್ಬರೇ ಹೋಗ್ತಾರೆ. ತಿಂಗಳಿಗೆ ಒಂದೆರಡು ಸಲ ದವಾಖಾನೆಗೋ ಸಂತೆಗೋ ಅವ್ವನೂ ಹಿಂದೆ ಕೂಡ್ತಾಳೆ.

ಅವರ ಮುಂದೆ ಎರಡು ಗಾಡಿ ಇವೆ: ಹೀರೋ ಸ್ಪ್ಲೆಂಡರ್ ಪ್ಲಸ್ ಮತ್ತು ಹೋಂಡಾ ಶೈನ್ 125. ಇವೆರಡನ್ನೇ ಆರಿಸಿದ್ದಕ್ಕೆ ಕಾರಣ, ನಮ್ಮ ರಸ್ತೆಯ ಮೇಲೆ ದಿನಾ ಕಾಣುವ ಗಾಡಿ ಇವು. ಮೇಲಾಗಿ ಇವು ಒಂದೇ ಮನೆತನದವು. ಸ್ಪ್ಲೆಂಡರ್ 1994ರಲ್ಲಿ ಬಂದಾಗ ‘ಹೀರೋ ಹೋಂಡಾ’ ಅಂತ ಒಂದೇ ಕಂಪನಿ ಇತ್ತು. ಶೈನ್ 2006ರಲ್ಲಿ ಹೋಂಡಾದಿಂದ ಬಂತು. ಮುಂದೆ ಹೀರೋ, ಹೋಂಡಾ ಬೇರೆಯಾದವು.

1. ಕಾಗದದ ಮೇಲಿನ ಸಂಖ್ಯೆಗಳು

ಮಾಹಿತಿ ಪತ್ರಕದಲ್ಲಿ ಸಾಲು ಸಾಲು ಸಂಖ್ಯೆ ಇರುತ್ತವೆ. ನಮಗೆ ಇಷ್ಟು ಸಾಕು. (ಮಾದರಿ ಬದಲಾದಂತೆ ಸ್ವಲ್ಪ ಹಿಂದೆ-ಮುಂದೆ ಆಗಬಹುದು.)

ಸಿಲಿಂಡರಿನ ವ್ಯಾಸ: ಸ್ಪ್ಲೆಂಡರ್ 50 ಮಿ.ಮೀ.; ಶೈನ್ 50 ಮಿ.ಮೀ.
ಪಿಸ್ಟನ್ ಓಡಾಡುವ ದೂರ: ಸ್ಪ್ಲೆಂಡರ್ 49.5 ಮಿ.ಮೀ.; ಶೈನ್ 63.1 ಮಿ.ಮೀ.
ಗರಿಷ್ಠ ಸಾಮರ್ಥ್ಯ: ಸ್ಪ್ಲೆಂಡರ್ ಸುಮಾರು 5.9 ಕಿಲೋವ್ಯಾಟ್, ಶೈನ್ ಸುಮಾರು 7.9 ಕಿಲೋವ್ಯಾಟ್
ಗಾಡಿಯ ತೂಕ: ಸ್ಪ್ಲೆಂಡರ್ ಸುಮಾರು 112 ಕೆ.ಜಿ.; ಶೈನ್ ಸುಮಾರು 114 ಕೆ.ಜಿ.
ಗೇರು: ಸ್ಪ್ಲೆಂಡರ್ 4, ಶೈನ್ 5
ಪೆಟ್ರೋಲ್ ಟಾಕಿ: ಸ್ಪ್ಲೆಂಡರ್ 9.8 ಲೀಟರ್, ಶೈನ್ 10.5 ಲೀಟರ್

ಮೊದಲ ಎರಡು ಸಾಲು ನೋಡಿ. ‘ಸಿ.ಸಿ.’ ಅಂದ್ರೆ ಘನ ಸೆಂಟಿಮೀಟರ್, ಅಂದರೆ ಪಿಸ್ಟನ್ ಒಮ್ಮೆ ಓಡಾಡುವಾಗ ಆಕ್ರಮಿಸುವ ಜಾಗದ ಘನಫಲ. ಸೂತ್ರ ನಿಮಗೆ ಗೊತ್ತೇ ಇದೆ: π × ತ್ರಿಜ್ಯದ ವರ್ಗ × ಎತ್ತರ. ಎರಡರಲ್ಲೂ ತ್ರಿಜ್ಯ 2.5 ಸೆಂ.ಮೀ., ಆದ್ದರಿಂದ ತಳದ ಕ್ಷೇತ್ರಫಲ 19.63 ಚದರ ಸೆಂ.ಮೀ. ಅದನ್ನು 4.95ರಿಂದ ಗುಣಿಸಿದರೆ 97.2 ಸಿ.ಸಿ., 6.31ರಿಂದ ಗುಣಿಸಿದರೆ 123.9 ಸಿ.ಸಿ. ಜನ ‘ನೂರು ಸಿ.ಸಿ.’, ‘ಸವಾನೂರು ಸಿ.ಸಿ.’ ಅನ್ನೋದು ಇದಕ್ಕೇ. ಇಬ್ಬರ ಬಾಯಿ ಒಂದೇ ಅಗಲ. ಒಬ್ಬನ ಹೊಟ್ಟೆ ಮಾತ್ರ 13.6 ಮಿ.ಮೀ. ಉದ್ದ. ಹೊಟ್ಟೆ ದೊಡ್ಡದಾದಷ್ಟು ಒಂದು ಸಲಕ್ಕೆ ಹೆಚ್ಚು ಗಾಳಿ-ಪೆಟ್ರೋಲ್ ಒಳಗೆ ಹೋಗುತ್ತದೆ, ಹೆಚ್ಚು ಜೋರು ಸಿಗುತ್ತದೆ.

2. ಜೋರು ಎಷ್ಟು, ಭಾರ ಎಷ್ಟು

5.9 ಕಿಲೋವ್ಯಾಟ್ ಅಂದ್ರೆ ಸುಮಾರು 8 ಎಚ್.ಪಿ. ನಿಮ್ಮ ಹೊಲದ ಬಾವಿಯ ಮೇಲೆ ಏಳೂವರೆ ಎಚ್.ಪಿ. ಮೋಟಾರ್ ಇದ್ದರೆ ಸ್ಪ್ಲೆಂಡರಿನ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಬಲದ್ದು. ಶೈನಿನದು ಹತ್ತೂವರೆ ಎಚ್.ಪಿ.

ಆದರೆ ಜೋರನ್ನು ಒಂಟಿಯಾಗಿ ನೋಡಬಾರದು, ಎಳೆಯುವ ಭಾರದಿಂದ ಭಾಗಿಸಬೇಕು. ಅಪ್ಪನ ತೂಕ 65 ಕೆ.ಜಿ. ಹಿಡಿಯೋಣ.

ಅಪ್ಪ ಒಬ್ಬರೇ ಇದ್ದಾಗ: ಸ್ಪ್ಲೆಂಡರ್ 5900 ÷ 177 = ಕೆ.ಜಿ.ಗೆ 33 ವ್ಯಾಟ್; ಶೈನ್ 7900 ÷ 179 = 44 ವ್ಯಾಟ್.

ಅವ್ವ (65 ಕೆ.ಜಿ.) ಮತ್ತು 20 ಕೆ.ಜಿ. ಸಾಮಾನು ಸೇರಿದಾಗ: ಸ್ಪ್ಲೆಂಡರ್ 5900 ÷ 262 = 22.5 ವ್ಯಾಟ್; ಶೈನ್ 7900 ÷ 264 = 30 ವ್ಯಾಟ್.

ಈ ನಾಲ್ಕು ಸಂಖ್ಯೆಗಳಲ್ಲಿ ಒಂದು ಮಾತಿದೆ. ಶೈನ್ ಇಬ್ಬರನ್ನೂ ಸಾಮಾನನ್ನೂ ಹೊತ್ತಾಗ (30), ಸ್ಪ್ಲೆಂಡರ್ ಒಬ್ಬರನ್ನು ಹೊತ್ತಾಗಿನ (33) ಹತ್ತಿರಕ್ಕೆ ಬರುತ್ತದೆ. ಅಂದರೆ ದಿನಾ ಇಬ್ಬರು ಕೂಡುವ ಮನೆಗೆ ದೊಡ್ಡ ಎಂಜಿನ್ನಿನಿಂದ ನಿಜವಾದ ಉಪಯೋಗ ಇದೆ. ಒಬ್ಬರೇ ಓಡಾಡುವ ಮನೆಗೆ ಆ ಜೋರು ಬಹಳ ಸಲ ಸುಮ್ಮನೆ ಕೂತಿರುತ್ತದೆ.

3. ನಮ್ಮ ಎದುರಾಳಿ ಗಾಳಿ

ಎಷ್ಟು ಜೋರು ‘ಬೇಕಾಗುತ್ತದೆ’ ಎಂಬುದು ಬೇರೆ ಪ್ರಶ್ನೆ. ನಮ್ಮದು ಘಟ್ಟದ ರಸ್ತೆ ಅಲ್ಲ, ಬಯಲು ಸೀಮೆ. ಸಪಾಟ ರಸ್ತೆಯ ಮೇಲೆ ಗಾಡಿಯನ್ನು ಹಿಂದಕ್ಕೆ ಎಳೆಯುವುದು ಎರಡೇ: ಟಾಯರಿನ ಉರುಳು ತಡೆ ಮತ್ತು ಗಾಳಿಯ ತಡೆ. ಟಾಯರಿನ ತಡೆ ವೇಗಕ್ಕೆ ತಕ್ಕಂತೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಏರುತ್ತದೆ.

ಒರಟು ಲೆಕ್ಕ ಹಾಕಿದರೆ, ಇಬ್ಬರು ಕೂತ ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡಲು ಚಕ್ರಕ್ಕೆ ಬೇಕಾಗುವುದು ಸುಮಾರು ಒಂದೂವರೆ ಕಿಲೋವ್ಯಾಟ್ ಅಷ್ಟೇ. ಎರಡೂ ಗಾಡಿಗೆ ಇದು ಎಡಗೈ ಕೆಲಸ. ಅದೇ 80 ಕಿ.ಮೀ. ವೇಗಕ್ಕೆ ಸುಮಾರು 5 ಕಿಲೋವ್ಯಾಟ್ ಬೇಕು. ವೇಗ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಯಿತು, ಬೇಕಾದ ಜೋರು ಮೂರು ಪಟ್ಟು ಆಯಿತು! ಅಲ್ಲಿ ನೂರು ಸಿ.ಸಿ. ಗಾಡಿ ತನ್ನ ಹೆಚ್ಚುಕಡಿಮೆ ಎಲ್ಲಾ ಬಲ ಹಾಕಿ ಕೂಗುತ್ತಿರುತ್ತದೆ.

ಇನ್ನೊಂದು ಲೆಕ್ಕ. ಊರುಗಳ ನಡುವಿನ ತೆರವು ರಸ್ತೆ 30 ಕಿ.ಮೀ. ಅಂತ ಹಿಡಿಯಿರಿ. 50ರ ವೇಗದಲ್ಲಿ 36 ನಿಮಿಷ, 70ರ ವೇಗದಲ್ಲಿ ಸುಮಾರು 26 ನಿಮಿಷ. ಉಳಿದದ್ದು ಹತ್ತು ನಿಮಿಷ. ಗಾಳಿಯ ತಡೆ? 70ರ ವರ್ಗ 4900, 50ರ ವರ್ಗ 2500: ಹತ್ತಿರ ಹತ್ತಿರ ಎರಡು ಪಟ್ಟು. ಆ ಹತ್ತು ನಿಮಿಷದ ಬೆಲೆಯನ್ನು ಪೆಟ್ರೋಲ್ ಕೊಡುತ್ತದೆ. ‘ನಂದು ಆವರೇಜ್ ಕೊಡವಲ್ದು’ ಎನ್ನುವವರ ಗಾಡಿಯನ್ನಲ್ಲ, ಅವರ ಬಲಗೈಯನ್ನು ಮೊದಲು ನೋಡಬೇಕು.

4. ಆವರೇಜ್ ಅಳೆಯುವ ಸರಿಯಾದ ರೀತಿ

ಯಾರು ಹೇಳಿದ ಸಂಖ್ಯೆಯನ್ನೂ ನಂಬಬೇಕಿಲ್ಲ. ಅದೇ ಮಾದರಿಯ ಗಾಡಿ ಇರುವ ನೆಂಟರನ್ನು ಕೇಳಿ, ಹೀಗೆ ಅಳೆಯಲು ಹೇಳಿ. ಟಾಕಿ ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದುಕೊಳ್ಳಬೇಕು. ಎಂದಿನಂತೆ ಓಡಿಸಬೇಕು. ಮತ್ತೆ ಅದೇ ಪಂಪಿನಲ್ಲಿ ಅಷ್ಟೇ ಮಟ್ಟಕ್ಕೆ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು ನೋಡಬೇಕು. ಮೀಟರ್ 18,240ರಿಂದ 18,566ಕ್ಕೆ ಹೋಗಿ 5.2 ಲೀಟರ್ ಹಿಡಿದರೆ, 326 ÷ 5.2 = ಲೀಟರಿಗೆ 62.7 ಕಿ.ಮೀ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ. ಮೊದಲ ಸಲ ಹೆದ್ದಾರಿಯಲ್ಲಿ 300 ಕಿ.ಮೀ.ಗೆ 5 ಲೀಟರ್, ಅಂದರೆ 60. ಎರಡನೇ ಸಲ ಸೊಲ್ಲಾಪುರದ ಗರ್ದಿಯಲ್ಲಿ 100 ಕಿ.ಮೀ.ಗೆ 2.5 ಲೀಟರ್, ಅಂದರೆ 40. ಸರಾಸರಿ 50 ಎಂದಿರಾ? ತಪ್ಪು. ಒಟ್ಟು ದೂರ 400, ಒಟ್ಟು ಪೆಟ್ರೋಲ್ 7.5 ಲೀಟರ್, ನಿಜವಾದ ಆವರೇಜ್ 53.3. ಸರಾಸರಿಗಳ ಸರಾಸರಿ ತೆಗೆಯಬಾರದು. ಒಟ್ಟನ್ನು ಒಟ್ಟಿನಿಂದ ಭಾಗಿಸಬೇಕು.

ಹತ್ತು ವರ್ಷದ ಹಿಂದಿನ ಸಂಖ್ಯೆಯನ್ನು ಇಂದಿನದಕ್ಕೆ ಹೋಲಿಸುವುದೂ ಸರಿಯಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಆ ಎಥನಾಲ್ ತಯಾರಾಗುವುದರಲ್ಲಿ ನಮ್ಮ ಜಿಲ್ಲೆಯ ಕಬ್ಬಿನದೂ ಪಾಲಿದೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಇರುತ್ತದೆ. ಆದ್ದರಿಂದ ಶೇ. 20 ಬೆರೆತರೆ ಲೀಟರಿಗೆ ಸುಮಾರು ಶೇ. 7ರಷ್ಟು ಶಕ್ತಿ ಕಡಿಮೆ. ಇದು ಎರಡೂ ಗಾಡಿಗೆ ಒಂದೇ; ಹೋಲಿಕೆ ಮಾತ್ರ ಒಂದೇ ಕಾಲದ್ದಾಗಿರಬೇಕು.

5. ರೊಕ್ಕದ ಲೆಕ್ಕ

ನೀವು ಅಳೆದಾಗ ಸ್ಪ್ಲೆಂಡರಿಗೆ 65, ಶೈನಿಗೆ 55 ಬಂತು ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಪೆಟ್ರೋಲ್ ಲೀಟರಿಗೆ ₹100 ಎನ್ನೋಣ. ನೀವು ನಿಮ್ಮ ಪಂಪಿನ ದರ ಹಾಕಿರಿ.

ಸ್ಪ್ಲೆಂಡರ್: 2000 ÷ 65 = 30.8 ಲೀಟರ್, ₹3,080.
ಶೈನ್: 2000 ÷ 55 = 36.4 ಲೀಟರ್, ₹3,640.

ತಿಂಗಳಿಗೆ ₹560 ವ್ಯತ್ಯಾಸ, ವರ್ಷಕ್ಕೆ ಸುಮಾರು ₹6,700. ತಿಂಗಳಿಗೆ ಬರೀ 300 ಕಿ.ಮೀ. ಓಡಿಸುವ ಮನೆಗಾದರೆ ಈ ವ್ಯತ್ಯಾಸ ₹84 ಮಾತ್ರ. ಹಾಗಾಗಿ ‘ಹತ್ತು ಕಿ.ಮೀ. ಹೆಚ್ಚು ಆವರೇಜ್’ ಎಂಬುದು ಎಲ್ಲರಿಗೂ ಒಂದೇ ಬೆಲೆಯದಲ್ಲ. ನೀವು ಎಷ್ಟು ಓಡಿಸ್ತೀರಿ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಇನ್ನು ಹಪ್ತೆ. ಸಾಲ ₹70,000, ಬಡ್ಡಿ ‘ಶೇ. 10 ಫ್ಲ್ಯಾಟ್’, ಎರಡು ವರ್ಷ ಅಂತ ಹೇಳಿದರು ಅನ್ನಿ. ಬಡ್ಡಿ ₹14,000, ಒಟ್ಟು ₹84,000, 24 ಹಪ್ತೆ, ತಿಂಗಳಿಗೆ ₹3,500. ಕೇಳಲು ಸೋವಿ ಅನಿಸುತ್ತದೆ. ಆದರೆ ಯೋಚಿಸಿ: ಪ್ರತಿ ತಿಂಗಳೂ ನೀವು ಅಸಲನ್ನೂ ತೀರಿಸುತ್ತಾ ಹೋಗುತ್ತೀರಿ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ₹70,000ದ ಮೇಲೆ! ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಬಡ್ಡಿ ವರ್ಷಕ್ಕೆ ಸುಮಾರು ಶೇ. 18 ಆಗುತ್ತದೆ. ಅಪ್ಪ ಸಹಿ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಸಿ: “ಇದು ಫ್ಲ್ಯಾಟ್ ದರವೋ, ಉಳಿದ ಅಸಲಿನ ಮೇಲಿನ ದರವೋ?”

6. ಓಡುವುದಕ್ಕಿಂತ ನಿಲ್ಲುವುದು ದೊಡ್ಡದು

ಆವರೇಜ್ ಕೇಳುವಷ್ಟು ಜನ ಬ್ರೇಕ್ ಬಗ್ಗೆ ಕೇಳುವುದಿಲ್ಲ. ಎದುರಿಗೆ ಏನೋ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. ಆ ಸೆಕೆಂಡಿನಲ್ಲಿ ಗಾಡಿ ಪೂರ್ತಿ ವೇಗದಲ್ಲಿ ಓಡುತ್ತಲೇ ಇರುತ್ತದೆ. ಆಮೇಲೆ ನಿಲ್ಲಲು ಬೇಕಾದ ದೂರ, ವೇಗದ ವರ್ಗ ÷ (2 × ವೇಗ ಕುಗ್ಗುವ ದರ). ಒಣ ರಸ್ತೆಯಲ್ಲಿ ಆ ದರ 5 ಮೀ/ಸೆ² ಎಂದು ಹಿಡಿಯೋಣ.

50 ಕಿ.ಮೀ. ವೇಗ (13.9 ಮೀ/ಸೆ): 13.9 + 19.3 = ಸುಮಾರು 33 ಮೀಟರ್.
70 ಕಿ.ಮೀ. ವೇಗ (19.4 ಮೀ/ಸೆ): 19.4 + 37.8 = ಸುಮಾರು 57 ಮೀಟರ್.

ಕ್ರಿಕೆಟ್ ಪಿಚ್ 20 ಮೀಟರ್ ಉದ್ದ. ಮೊದಲನೆಯದು ಒಂದೂವರೆ ಪಿಚ್‌ಗಿಂತ ತುಸು ಹೆಚ್ಚು, ಎರಡನೆಯದು ಸುಮಾರು ಮೂರು ಪಿಚ್. ಕಬ್ಬಿನ ಹಂಗಾಮಿನಲ್ಲಿ ಸಂಜೆ ಹೊತ್ತು, ಹಿಂದೆ ದೀಪವಿಲ್ಲದ ಟ್ರಾಲಿ ಮುಂದೆ ಹೋಗುತ್ತಿದ್ದರೆ ಆ 24 ಮೀಟರ್ ವ್ಯತ್ಯಾಸವೇ ಮನೆಗೆ ಬರುವುದೋ ಬಾರದಿರುವುದೋ ಎಂಬುದನ್ನು ನಿರ್ಧರಿಸುತ್ತದೆ. 125 ಸಿ.ಸಿ.ವರೆಗಿನ ಗಾಡಿಗಳಿಗೆ, ಒಂದೇ ಬ್ರೇಕ್ ಒತ್ತಿದರೂ ಎರಡೂ ಚಕ್ರಕ್ಕೆ ಹಿಡಿತ ಹಂಚುವ ಏರ್ಪಾಡು 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಎರಡೂ ಗಾಡಿಯಲ್ಲಿ ಅದು ಇದೆ. ಆದರೂ ಸವೆದ ಟಾಯರನ್ನು ಯಾವ ಬ್ರೇಕೂ ಕಾಯುವುದಿಲ್ಲ.

ಇನ್ನೊಂದು ಮಾತು ನೇರವಾಗಿ ನಿಮಗೆ. ಗೇರು ಇರುವ ಗಾಡಿ ಓಡಿಸಲು 18 ವರ್ಷ ತುಂಬಿ ಪರವಾನಗಿ ಇರಲೇಬೇಕು. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು. ಮೇಲೆ ಹಾಕಿದ ಉಳಿತಾಯದ ಲೆಕ್ಕವೆಲ್ಲ ಒಂದು ದಿನದಲ್ಲಿ ಹೋಗುತ್ತದೆ. ಈಗ ಲೆಕ್ಕ ನಿಮ್ಮದು, ಹ್ಯಾಂಡಲ್ ದೊಡ್ಡವರದು.

7. ಹಾಗಾದ್ರೆ ಯಾವುದು?

ನಾವು ಊಹಿಸಿದ ಮನೆಯಲ್ಲಿ ಅಪ್ಪ ಹೆಚ್ಚಿನ ದಿನ ಒಬ್ಬರೇ, ದೂರ ಬಹಳ, ರಸ್ತೆ ಸಪಾಟ. ನನ್ನ ಲೆಕ್ಕ ಸ್ಪ್ಲೆಂಡರ್ ಕಡೆ ಬಾಗುತ್ತದೆ. ಉಳಿದ ರೊಕ್ಕದಲ್ಲಿ ಮೊದಲು ಎರಡು ಒಳ್ಳೆಯ ಹೆಲ್ಮೆಟ್, ಒಂದು ಅಪ್ಪನಿಗೆ, ಒಂದು ಅವ್ವನಿಗೆ. ಅದೇ ಮನೆಯಲ್ಲಿ ಇಬ್ಬರೂ ಸೊಲ್ಲಾಪುರಕ್ಕೆ ದಿನಾ ಕೆಲಸಕ್ಕೆ ಹೋಗುವಂತಿದ್ದರೆ ನಾನೇ ಶೈನ್ ಅನ್ನುತ್ತಿದ್ದೆ. ಇಬ್ಬರ ಬಸ್ ಖರ್ಚಿನ ಮುಂದೆ ₹560 ದೊಡ್ಡದಲ್ಲ, ಎಂಜಿನ್ನಿಗೂ ಭಾರ ಹೊರುವ ಬಲ ಇರುತ್ತದೆ. ಗಾಡಿ ಎರಡೂ ಛಲೋ ಅವ. ಪ್ರಶ್ನೆ ‘ಯಾವುದು ಛಲೋ’ ಅಲ್ಲ, ‘ಯಾರಿಗೆ, ಯಾವ ದಾರಿಗೆ ಛಲೋ’.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ನೆರೆಯವರ ಗಾಡಿಯ ಆವರೇಜನ್ನು ಮೂರು ಸಲ ಟಾಕಿ ತುಂಬಿಸಿ ಅಳೆಯಿರಿ. ಒಟ್ಟು ದೂರ ÷ ಒಟ್ಟು ಲೀಟರ್ ತೆಗೆಯಿರಿ.
2. ನಿಮ್ಮ ಮನೆಯವರು ತಿಂಗಳಿಗೆ ಎಷ್ಟು ಕಿ.ಮೀ. ಓಡಿಸುತ್ತಾರೆ? 65 ಮತ್ತು 55ರ ನಡುವಿನ ವ್ಯತ್ಯಾಸ ನಿಮಗೆ ಎಷ್ಟು ರೂಪಾಯಿ?
3. 100 ಸಿ.ಸಿ. ಗಾಡಿಯ ಮೇಲೆ ಮೂವರು ಕೂತರೆ ಕೆ.ಜಿ.ಗೆ ಎಷ್ಟು ವ್ಯಾಟ್ ಉಳಿಯುತ್ತದೆ? (ಮೂವರು ಕೂಡುವುದು ಕಾನೂನಿಗೂ ವಿರುದ್ಧ.)
4. ಮಳೆಯಲ್ಲಿ ವೇಗ ಕುಗ್ಗುವ ದರ 5ರ ಬದಲು 3 ಮೀ/ಸೆ² ಆದರೆ, 50ರ ವೇಗದಲ್ಲಿ ನಿಲ್ಲಲು ಎಷ್ಟು ದೂರ ಬೇಕು? ಶಾಲೆಯ ಮೈದಾನದಲ್ಲಿ ಆ ದೂರವನ್ನು ಸುಣ್ಣದಿಂದ ಗುರುತು ಮಾಡಿ, ನಡೆದು ನೋಡಿ.

ನಾಲ್ಕನೆಯದನ್ನು ಮಾಡುವಾಗ ಅಪ್ಪನನ್ನೂ ಕರೆದುಕೊಂಡು ಬಂದರೆ ಇನ್ನೂ ಛಲೋ.