ಚಮಚದ ಹೊಳಪು ಕಾಗದಕ್ಕೆ ಬಂದ ಬಗೆ

ಸೀಸದಕಡ್ಡಿಯಿಂದ ಬರೆದ ಉಕ್ಕಿನ ಚಮಚದ ಚಿತ್ರವನ್ನು ವಾಚಕರು ನೋಡಿರಬಹುದು. ನುರಿತವರು ಬರೆದಿದ್ದರೆ ಅದರ ಗುಳಿಯಲ್ಲಿ ದೀಪದ ಬಿಂಬವು ಥಳಥಳಿಸುವಂತೆ ತೋರುತ್ತದೆ. ಕಡ್ಡಿಯಲ್ಲಿರುವುದು ಕಪ್ಪು ಮಾತ್ರ. ಹಾಗಾದರೆ ಈ ಹೊಳಪು ಎಲ್ಲಿಂದ ಬಂದಿತು?

ಹೆಸರು ಸೀಸದಕಡ್ಡಿಯಾದರೂ ಅದರಲ್ಲಿ ಸೀಸವಿಲ್ಲ. ಇರುವುದು ಇಂಗಾಲದ ಒಂದು ರೂಪವಾದ ಗ್ರಾಫೈಟ್. ಇದರ ಪರಮಾಣುಗಳು ಪದರಪದರವಾಗಿ ಜೋಡಣೆಗೊಂಡಿವೆ. ಪದರಗಳ ನಡುವಣ ಬಂಧನವು ದುರ್ಬಲವಾದುದರಿಂದ, ಕಡ್ಡಿಯನ್ನು ಎಳೆದಾಗ ಸಣ್ಣ ಚಕ್ಕೆಗಳು ಕಳಚಿ ಕಾಗದದ ನಾರುಗಳಿಗೆ ಅಂಟಿಕೊಳ್ಳುವುವು. ಗ್ರಾಫೈಟಿನ ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಸುಡುವ ವಿಧಾನವನ್ನು 1795ರಲ್ಲಿ ಫ್ರಾನ್ಸಿನ ಕೊಂತೆ ಎಂಬಾತನು ರೂಢಿಗೆ ತಂದನು. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಡುಸು, ಗೆರೆ ತಿಳಿ.

ಈಗ ಬೆಳಕಿನ ಲೆಕ್ಕವನ್ನು ನೋಡೋಣ. ನಿಜವಾದ ಚಮಚದಲ್ಲಿ ದೀಪದ ಬಿಂಬವು ನೆರಳಿನ ಭಾಗಕ್ಕಿಂತ ನೂರಾರು ಪಟ್ಟು ಉಜ್ಜ್ವಲವಾಗಿರಬಹುದು. ಚಿತ್ರದಲ್ಲಾದರೋ, ಬರಿಯ ಕಾಗದಕ್ಕಿಂತ ಬೆಳ್ಳಗಿನದು ಯಾವುದೂ ಇಲ್ಲ. ಅದು ಕಡ್ಡಿಯ ಕಡುಕಪ್ಪಿಗಿಂತ ಸುಮಾರು 10–20 ಪಟ್ಟು ಹೆಚ್ಚು ಬೆಳಕನ್ನು ಹಿಂದಿರುಗಿಸುವುದು, ಅಷ್ಟೆ. ಚಿತ್ರಕಾರನು ಕಾಗದವನ್ನು ಇನ್ನಷ್ಟು ಬೆಳಗಿಸಲಾರನು. ಆದರೆ ಅದರ ನೆರೆಯನ್ನು ಕಪ್ಪಾಗಿಸಬಲ್ಲನು. ಎಳ್ಳಿನಷ್ಟು ಜಾಗವನ್ನು ಬಿಳಿಯಾಗಿ ಬಿಟ್ಟು, ಅದರ ಅಂಚಿನವರೆಗೂ ಕಪ್ಪನ್ನು ತಂದು ನಿಲ್ಲಿಸುತ್ತಾನೆ. ನಮ್ಮ ಕಣ್ಣು ಬೆಳಕನ್ನು ಮಾಪಕದಂತೆ ಅಳೆಯುವುದಿಲ್ಲ. ಪಕ್ಕದ್ದರೊಡನೆ ಹೋಲಿಸಿ ನಿರ್ಣಯಿಸುತ್ತದೆ. ಹೊಸದಾಗಿ ಕಲಿಯುವವರು ಹೊಳೆಯುವ ವಸ್ತುವೆಂದು ಚಮಚವನ್ನೆಲ್ಲ ಬಿಳಿಯಾಗಿ ಬಿಡುತ್ತಾರೆ. ಆಗ ಬಿಂಬಕ್ಕೆ ಉಳಿಯುವ ಬಿಳುಪೆಲ್ಲಿ? ಚಮಚದ ಮೈಯೆಲ್ಲ ಬೂದುಬಣ್ಣವಾಗಿದ್ದರೆ ಮಾತ್ರ ಆ ಚುಕ್ಕೆ ಹೊಳೆದೀತು.

ಇದನ್ನು ಪರೀಕ್ಷಿಸುವುದು ಸುಲಭ. ದಪ್ಪ ರಟ್ಟಿನಲ್ಲಿ ಎರಡು ಸಣ್ಣ ರಂಧ್ರಗಳನ್ನು ಮಾಡಿ, ಒಂದು ಬಿಂಬದ ಚುಕ್ಕೆಯ ಮೇಲೂ ಇನ್ನೊಂದು ಹಾಳೆಯ ಖಾಲಿ ಅಂಚಿನ ಮೇಲೂ ಬರುವಂತೆ ಚಿತ್ರದ ಮೇಲಿಡಿ. ಎರಡೂ ಒಂದೇ ಬಿಳುಪು! ರಟ್ಟನ್ನು ತೆಗೆದೊಡನೆ ಚುಕ್ಕೆ ಮತ್ತೆ ಥಳಥಳಿಸುವುದು.

ಕಪ್ಪಿಗಾಗಿ ಕಡ್ಡಿಯನ್ನು ಬಲವಾಗಿ ಒತ್ತಬಾರದೇಕೆ? ಒತ್ತಿದಷ್ಟೂ ಚಕ್ಕೆಗಳು ಸಪಾಟಾಗಿ ಮಲಗಿ, ಒಟ್ಟಾಗಿ ಮಸುಕು ಕನ್ನಡಿಯಂತಾಗುವುವು. ಓರೆಯಾಗಿ ನೋಡಿದರೆ ಕಡುಕಪ್ಪೇ ಬೆಳ್ಳಗೆ ಮಿಂಚಿ ಚಿತ್ರವನ್ನು ಕೆಡಿಸುತ್ತದೆ. ಆದುದರಿಂದ 4ಬಿ, 6ಬಿ ಮುಂತಾದ ಮೃದುವಾದ ಕಡ್ಡಿಯನ್ನು ಹಿಡಿದು, ಹಗುರವಾಗಿ ಹಲವು ಸಲ ಬಳಿಯುವುದು ಲೇಸು. ದೀಪವನ್ನು ಎದುರಿಗಿಟ್ಟುಕೊಂಡು ಬರೆಯುವವರಿಗೆ ಈ ಮಿಂಚಿನ ಕಾಟ ಹೆಚ್ಚು. ಬಲಗೈಯಿಂದ ಬರೆಯುವವರು ಅದನ್ನು ಎಡಕ್ಕೆ ಸರಿಸಿದರೆ ಪ್ರತಿಫಲನವು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಕೈಯ ನೆರಳೂ ಕಾಗದದ ಮೇಲೆ ಅಡ್ಡ ಬಾರದು.