ಭೀಮೆಯ ನೀರು: ಅಳತೆಯೂ ಪರಿಭಾಷೆಯೂ

ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯು ಭೀಮೆಯನ್ನು ಸೇರುತ್ತದೆ. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿರುವ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವನ್ನು ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಗಣಿಸುತ್ತಾರೆ. ಆದರೆ ಆ ಶಾಸನವನ್ನು ಕಾಯ್ದುಕೊಂಡು ಬಂದ ಊರಿನ ಹೆಸರು ಅಚ್ಚ ಕನ್ನಡ. 'ಕೂಡು' ಎಂಬ ಧಾತುವಿನಿಂದ ಹುಟ್ಟಿದ 'ಕೂಡಲ' ಎಂದರೆ ಎರಡು ನೀರು ಒಂದಾಗುವ ಠಾವು. ಬಸವಣ್ಣನವರ ಅಂಕಿತದ ಮೂಲಕ ಕೃಷ್ಣಾ-ಮಲಪ್ರಭೆಗಳ ಕೂಡಲಸಂಗಮವನ್ನು ಬಲ್ಲ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಪದ ಹೊಸದಲ್ಲ. ಅಲ್ಲಿ ದೇಶ್ಯ ಶಬ್ದದ ಪಕ್ಕದಲ್ಲಿಯೇ ಸಂಸ್ಕೃತ ಶಬ್ದವೂ ನಿಂತು ಒಂದೇ ಅರ್ಥವನ್ನು ಎರಡು ಸಲ ಹೇಳುತ್ತದೆ.

ನದಿಯ ನೀರಿನ ಗುಣವನ್ನು ಅಳೆಯುವ ಶಾಸ್ತ್ರವೂ ತನ್ನ ಮುಖ್ಯ ಪಾಠವನ್ನು ಕಲಿಯುವುದು ಇಂಥ ಕೂಡಲಗಳಲ್ಲಿಯೇ. ಆಡಳಿತದ ಭಾಷೆಯಲ್ಲಿ ಸೀನಾ ಒಂದು 'ಉಪನದಿ'. 'ಉಪ' ಎಂಬ ಉಪಸರ್ಗವು ಕಿರಿತನವನ್ನು ಸೂಚಿಸುತ್ತದೆ. ಆದರೆ ಅಳತೆಗಾರನ ದೃಷ್ಟಿಯಲ್ಲಿ ಕಿರಿಯ ಹೊಳೆಯೆಂಬುದಿಲ್ಲ. ಬೇಸಿಗೆಯಲ್ಲಿ ಹಿರಿಯ ನದಿ ಸೊರಗಿದಾಗ ಊರ ಚರಂಡಿಯನ್ನು ಹೊತ್ತು ತರುವ ಒಂದು ಹಳ್ಳವೇ ಇಡೀ ಪಾತ್ರದ ಗುಣವನ್ನು ನಿರ್ಣಯಿಸಬಲ್ಲದು. 'ಕೂಡುಹೊಳೆ' ಎಂಬ ಮಾತು ಈ ಕಾರಣಕ್ಕೆ ಉಪನದಿಗಿಂತ ಹೆಚ್ಚು ಯಥಾರ್ಥವಾದುದು.

ಭೀಮೆಯು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಸುಮಾರು 860 ಕಿಲೋಮೀಟರು ಹರಿದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಇಂದ್ರಾಯಣಿ, ಮುಳಾ-ಮುಠಾ, ಘೋಡ, ನೀರಾ, ಮಾಣ, ಸೀನಾ, ಬೋರಿ, ಕಾಗಿಣಾ ಇವು ದಾರಿಯಲ್ಲಿ ಅದಕ್ಕೆ ಕೂಡುವ ಹೊಳೆಗಳು. ಇವುಗಳಲ್ಲಿ ಮುಳಾ-ಮುಠೆಯ ಪ್ರಭಾವವನ್ನು ಬಿಡಿಸಿ ಹೇಳಬೇಕು. ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಎಂಬ ಎರಡು ಮಹಾನಗರಗಳ ಬಳಕೆಯ ನೀರು ಅದರಲ್ಲಿ ಹರಿದು ಭೀಮೆಗೆ ಬಂದು, 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದಲ್ಲಿ ನಿಲ್ಲುತ್ತದೆ. ಸುಮಾರು 117 ಟಿ.ಎಂ.ಸಿ. ಸಾಮರ್ಥ್ಯದ ಈ ಜಲಾಶಯದ ನೀರನ್ನೇ ಸೊಲ್ಲಾಪುರ ನಗರವು ಕೊಳವೆಯ ಮೂಲಕವೂ, ನದಿಗೆ ಬಿಟ್ಟ ನೀರನ್ನು ಔಜ್ ಬಾಂದಾರದಲ್ಲಿ ತಡೆದು ಟಾಕಳಿಯಲ್ಲಿ ಎತ್ತುವುದರ ಮೂಲಕವೂ ಕುಡಿಯುತ್ತದೆ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಜನಕ್ಕಾಗಿ ಸಿದ್ಧರಾಮನು ಕೆರೆ ಕಟ್ಟಿಸಿದ ಕಥೆಯನ್ನು ರಾಘವಾಂಕನ ಕಾವ್ಯದಲ್ಲಿ ಓದುವವರು, ಅದೇ ಊರಿನ ಇಂದಿನ ನೀರು ನೂರಾರು ಕಿಲೋಮೀಟರು ಮೇಲಿನ ಎರಡು ನಗರಗಳ ಕೈದಾಟಿ ಬರುತ್ತದೆಂಬುದನ್ನೂ ಅರಿತಿರಬೇಕು.

ನೀರಿನ ಮಾದರಿಯನ್ನು ತೆಗೆಯುವುದು ಸರಳವೆಂದು ತೋರಿದರೂ ತಪ್ಪುಗಳು ನುಸುಳುವುದು ಅಲ್ಲಿಯೇ. ದಂಡೆಯಂಚಿನ ನಿಂತ ನೀರನ್ನು ತುಂಬಬಾರದು. ಹರಿಯುವ ಪಾತ್ರದಲ್ಲಿ, ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರು ಕೆಳಗೆ, ಬಾಟಲಿಯ ಬಾಯಿ ಪ್ರವಾಹಕ್ಕೆ ಎದುರಾಗಿರುವಂತೆ ಹಿಡಿಯಬೇಕು. ಕರಗಿದ ಆಮ್ಲಜನಕದ ಪರೀಕ್ಷೆಗೆ ಗಾಳಿಯ ಗುಳ್ಳೆ ಒಳಹೋಗದಂತೆ ತುಂಬಿ, ಸ್ಥಳದಲ್ಲಿಯೇ ಮ್ಯಾಂಗನೀಸ್ ಲವಣವನ್ನೂ ಕ್ಷಾರೀಯ ಅಯೊಡೈಡನ್ನೂ ಬೆರೆಸಿ ಆಮ್ಲಜನಕವನ್ನು ಕಟ್ಟಿಹಾಕಬೇಕು. ಪ್ರಯೋಗಶಾಲೆಗೆ ಒಯ್ಯುವವರೆಗೆ ಕಾಯ್ದರೆ ಅದು ಬೇರೆಯೇ ನೀರಾಗಿರುತ್ತದೆ. ಸೂಕ್ಷ್ಮಜೀವಿಗಳ ಪರೀಕ್ಷೆಗೆ ಕ್ರಿಮಿರಹಿತ ಬಾಟಲಿ, ಕತ್ತಲೆ ಮತ್ತು ಮಂಜುಗಡ್ಡೆಯ ತಂಪು ಬೇಕು.

ವೇಳೆಯನ್ನು ಬರೆಯುವುದೂ ಅಷ್ಟೇ ಅಗತ್ಯ. ಉಜನಿಯಂಥ ಪಾಚಿಗಟ್ಟುವ ಜಲಾಶಯದಲ್ಲಿ ಪಾಚಿಯು ಹಗಲೆಲ್ಲ ಆಮ್ಲಜನಕವನ್ನು ಬಿಡುತ್ತದೆ, ಇರುಳೆಲ್ಲ ಅದನ್ನೇ ಉಸಿರಾಡಿ ಮುಗಿಸುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ನೀರು ಆರೋಗ್ಯಪೂರ್ಣವೆಂದೇ ಕಾಣುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಬೆಳಗಿನ ಜಾವದಲ್ಲಿ. ಆ ಹೊತ್ತಿಗೆ ಅಳೆಯುವವನು ಅಲ್ಲಿರುವುದಿಲ್ಲ.

ಅಳತೆಯ ಅಂಕಿಗಳನ್ನು ಓದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣವು ನೆರವಾಗುತ್ತದೆ. ನೀರನ್ನು ಅದರ ಉತ್ತಮ ಉಪಯೋಗಕ್ಕೆ ಅನುಸಾರವಾಗಿ ಎ ಇಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಲಾಗಿದೆ. ಸೋಂಕು ನಿವಾರಣೆಯೊಂದನ್ನೇ ಮಾಡಿ ಕುಡಿಯಬಹುದಾದ ನೀರು ಎ ವರ್ಗ. ಅದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂಗಿಂತ ಕಡಿಮೆಯಿರಬಾರದು, ಬಿ.ಓ.ಡಿ. 2 ಮಿಲಿಗ್ರಾಂ ಮೀರಬಾರದು. ಸ್ನಾನಯೋಗ್ಯವಾದ ಬಿ ವರ್ಗಕ್ಕೆ ಈ ಅಂಕಿಗಳು ಕ್ರಮವಾಗಿ 5 ಮತ್ತು 3. ಆಷಾಢ, ಕಾರ್ತಿಕ ಏಕಾದಶಿಗಳಂದು ಲಕ್ಷಾಂತರ ವಾರಕರಿಗಳು ಪಂಢರಪುರದಲ್ಲಿ ಮೀಯುವುದು ಇದೇ ಭೀಮೆಯಲ್ಲಿ. ಅಲ್ಲಿ ಅದು ಅರ್ಧಚಂದ್ರಾಕಾರವಾಗಿ ಬಾಗುವುದರಿಂದ ಚಂದ್ರಭಾಗೆಯೆನಿಸಿದೆ. 'ಪವಿತ್ರ' ಮತ್ತು 'ಶುದ್ಧ' ಎಂಬ ಶಬ್ದಗಳನ್ನು ಕನ್ನಡ, ಮರಾಠಿಗಳೆರಡೂ ಹಲವೊಮ್ಮೆ ಪರ್ಯಾಯವಾಗಿ ಬಳಸುತ್ತವೆ. ಮೊದಲನೆಯದು ಭಕ್ತನ ಭಾವಕ್ಕೆ ಸಂಬಂಧಿಸಿದ್ದು, ಅದನ್ನು ಯಾವ ಬಾಟಲಿಯೂ ಅಳೆಯಲಾರದು. ಎರಡನೆಯದು ನೀರಿಗೆ ಸಂಬಂಧಿಸಿದ್ದು. ಈ ಭೇದವನ್ನು ಮರೆತ ಚರ್ಚೆಗಳು ಜಗಳದಲ್ಲಿ ಕೊನೆಗೊಳ್ಳುತ್ತವೆ.

ಬಿ.ಓ.ಡಿ.ಗೆ ಪಠ್ಯಪುಸ್ತಕಗಳು ಕೊಡುವ ಕನ್ನಡ 'ಜೈವಿಕ ಆಮ್ಲಜನಕ ಬೇಡಿಕೆ'. ಅನುವಾದವು ತಪ್ಪಲ್ಲ, ಆದರೆ 'ಬೇಡಿಕೆ' ಎಂದೊಡನೆ ಸಂತೆಯೋ ಮುಷ್ಕರವೋ ನೆನಪಾಗುತ್ತದೆ. ಅದನ್ನು ನೀರಿನೊಳಗಿನ ಜೀವಾಣುಗಳ ಹಸಿವೆಂದು ತಿಳಿದರೆ ಅರ್ಥ ಸುಲಭವಾಗುತ್ತದೆ. ಕೊಳೆಯುವ ಪದಾರ್ಥ ಹೆಚ್ಚಿದಷ್ಟೂ ಅದನ್ನು ತಿನ್ನುವ ಜೀವಾಣುಗಳು ಹೆಚ್ಚುತ್ತವೆ, ತಿನ್ನುವಾಗ ನೀರಿನ ಆಮ್ಲಜನಕವನ್ನು ಬಳಸಿ ಬರಿದು ಮಾಡುತ್ತವೆ. ಬಾಟಲಿಯನ್ನು ಐದು ದಿನ 20 ಡಿಗ್ರಿಯಲ್ಲಿ, ಇಲ್ಲವೆ ಭಾರತೀಯ ರೂಢಿಯಂತೆ ಮೂರು ದಿನ 27 ಡಿಗ್ರಿಯಲ್ಲಿ ಇರಿಸಿ, ಎಷ್ಟು ಆಮ್ಲಜನಕ ಕಡಿಮೆಯಾಯಿತೆಂದು ಲೆಕ್ಕ ಹಾಕುತ್ತಾರೆ. ಸಮಸ್ಯೆಯ ವ್ಯಾಪ್ತಿಗೆ ಒಂದೇ ನಿದರ್ಶನ ಸಾಕು: 2018ರಲ್ಲಿ ಮಂಡಳಿಯು ಈ ಹಸಿವಿನ ಆಧಾರದ ಮೇಲೆಯೇ ದೇಶದಲ್ಲಿ 351 ಮಲಿನ ನದೀಪಾತ್ರಗಳನ್ನು ಗುರುತಿಸಿತು, ಅವುಗಳಲ್ಲಿ 53 ಮಹಾರಾಷ್ಟ್ರದವು.

ಕೂಡಲದ ಗಣಿತವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಹಿರಿಯ ನದಿಯಲ್ಲಿ ಸೆಕೆಂಡಿಗೆ 20 ಘನಮೀಟರು ನೀರು, ಬಿ.ಓ.ಡಿ. 2 ಎಂದಿರಲಿ, ಕೂಡುಹೊಳೆಯಲ್ಲಿ 5 ಘನಮೀಟರು, ಬಿ.ಓ.ಡಿ. 12 ಎಂದಿರಲಿ. 20ನ್ನು 2ರಿಂದ ಗುಣಿಸಿದರೆ 40, 5ನ್ನು 12ರಿಂದ ಗುಣಿಸಿದರೆ 60. ಒಟ್ಟು 100ನ್ನು 25 ಘನಮೀಟರಿಗೆ ಹಂಚಿದರೆ 4. ಕಾಲು ಭಾಗದಷ್ಟಿರುವ ಹೊಳೆಯೊಂದು ಕುಡಿಯಲು ಯೋಗ್ಯವಾದ ನೀರನ್ನು ಮೀಯಲೂ ಅಯೋಗ್ಯವನ್ನಾಗಿ ಮಾಡಿತು. ಏಪ್ರಿಲಿನಲ್ಲಿ ಹಿರಿಯ ನದಿ 2 ಘನಮೀಟರಿಗೆ ಇಳಿದು, ಕೂಡುಹೊಳೆಯ ಚರಂಡಿ ನೀರು ಮೊದಲಿನಷ್ಟೇ ಇದ್ದರೆ, ಉತ್ತರವು 9ನ್ನು ದಾಟುತ್ತದೆ. ನೀರಿನ ಗುಣವನ್ನಷ್ಟೇ ಬರೆದು ಹರಿವಿನ ಪ್ರಮಾಣವನ್ನು ಬಿಟ್ಟ ವರದಿಯು ಅರ್ಧ ವರದಿಯಾಗುವುದು ಇದರಿಂದಲೇ. ಕೇಂದ್ರ ಜಲ ಆಯೋಗವು ಸೀನೆಯ ವಡಕಬಾಳ, ಭೀಮೆಯ ಟಾಕಳಿ, ಯಾದಗಿರಿಗಳಲ್ಲಿ ಮಾಪನ ಕೇಂದ್ರಗಳನ್ನಿಟ್ಟಿರುವುದರ ಔಚಿತ್ಯವೂ ಇದರಿಂದ ಸ್ಪಷ್ಟವಾಗುತ್ತದೆ. ಕೂಡಲಕ್ಕೆ ಮೊದಲು ಎರಡು ಹೊಳೆಗಳಲ್ಲಿ ಒಂದೊಂದು, ಕೂಡಿದ ಮೇಲೆ ಇನ್ನೊಂದು, ಹೀಗೆ ಮೂರು ಮಾದರಿಗಳು ಬೇಕು. ಮೂರನೆಯದನ್ನು ಸಾಕಷ್ಟು ಕೆಳಗೆ ತೆಗೆಯಬೇಕು. ಎರಡು ನೀರು ಕೂಡಿದೊಡನೆ ಬೆರೆಯುವುದಿಲ್ಲ, ಬಹುದೂರದವರೆಗೆ ಒಂದೊಂದು ದಂಡೆ ಹಿಡಿದು ಬೇರೆ ಬೇರೆಯಾಗಿಯೇ ಹರಿಯುತ್ತವೆ.

ಉಪಕರಣಗಳಿಗೆ ಮೊದಲು ನಾಲಿಗೆಯಿತ್ತು, ನಾಲಿಗೆಗೆ ನುಡಿಯಿತ್ತು. ಗಡಿನಾಡಿನ ಒಕ್ಕಲಿಗನು ನೀರನ್ನು ತಿಳಿ, ರಾಡಿ, ಸಿಹಿ, ಸಪ್ಪೆ, ಗಡಸು, ಸವಳು ಎಂದು ವಿಂಗಡಿಸಿದ. ಅವನ ಮರಾಠಿ ನೆರೆಯವನು ಗಢೂಳ, ಖಾರಟ, ಮಚೂಳ ಎಂದ. ಇವು ಕೇವಲ ವರ್ಣನೆಗಳಲ್ಲ. ರೈತರು 'ಸವಳು', 'ಕರಲು', 'ಜವಳು' ಎಂಬ ಮೂರು ಮಾತುಗಳನ್ನು ಬೇರೆಬೇರೆಯಾಗಿ ಬಳಸುವುದನ್ನು ಗಮನಿಸಬೇಕು. ಉಪ್ಪೇರಿದ್ದು ಸವಳು, ಸೋಡಿಯಂ ಹೆಚ್ಚಿ ಗಟ್ಟಿಯಾಗಿ ನೀರಿಳಿಯದ್ದು ಕರಲು, ನೀರು ನಿಂತು ಕೆಟ್ಟದ್ದು ಜವಳು. ಕರಲಿಗೆ ಮರಾಠಿಯಲ್ಲಿ 'ಚೋಪಣ'. ನೀರಾವರಿಗೆ ಮೀಸಲಾದ ಇ ವರ್ಗದಲ್ಲಿ ಮಂಡಳಿಯು ವಿದ್ಯುದ್ವಾಹಕತೆಗೆ 2250 ಮೈಕ್ರೋಮೋ, ಸೋಡಿಯಂ ಹೀರಿಕೆಯ ಅನುಪಾತಕ್ಕೆ 26 ಎಂಬ ಎರಡು ಬೇರೆ ಮಿತಿಗಳನ್ನು ಹಾಕಿದೆ; ಮೊದಲನೆಯದು ಸವಳಿನ ಅಳತೆ, ಎರಡನೆಯದು ಕರಲಿನ ಅಳತೆ. ಕಬ್ಬಿಗೆ ವರ್ಷವಿಡೀ ನೀರುಣಿಸುವ ಸೀಮೆಯಲ್ಲಿ ಈ ಎರಡನ್ನೂ ಒಂದೇ ಎಂದು ಭಾವಿಸಿದವನು ಹೊಲವನ್ನೇ ಕಳೆದುಕೊಳ್ಳುತ್ತಾನೆ.

ಜತ್ತ ಸೀಮೆಯಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯಲ್ಲಿ ಹರಿದು ಕೃಷ್ಣೆಯನ್ನು ಸೇರುವ ಡೋಣಿಯು ಭೀಮೆಯ ಬಳಗದ್ದಲ್ಲವಾದರೂ ಇಲ್ಲಿ ಉಲ್ಲೇಖಾರ್ಹ. ಡೋಣಿ ತುಂಬಿ ಹರಿದರೆ ಜೋಳಕ್ಕೆ ಕೊರತೆಯಿಲ್ಲವೆಂದು ಜನ ಅದರ ಮಣ್ಣನ್ನು ಹೊಗಳುತ್ತಾರೆ, ಆದರೆ ಅದರ ನೀರು ಉಪ್ಪೆಂದು ಬಾಯಿಗೆ ಹಾಕುವುದಿಲ್ಲ. ಅಲ್ಲಿ ಉಪ್ಪು ನಗರದಿಂದ ಬಂದುದಲ್ಲ, ನೆಲದ ಗುಣ. ಕೆಟ್ಟ ನೀರೆಲ್ಲ ಮಲಿನವಾದ ನೀರಲ್ಲ. ವರದಿಯೂ ಈ ವಿವೇಚನೆಯನ್ನು ಕಾಯ್ದುಕೊಳ್ಳಬೇಕು.

ಪರಿಭಾಷೆಯ ತೊಡಕೊಂದನ್ನು ಇಲ್ಲಿಯೇ ಹೇಳಬೇಕು. ಪರೀಕ್ಷೆಗೆ ತೆಗೆದ ನೀರನ್ನು ಕನ್ನಡದಲ್ಲಿ 'ಮಾದರಿ' ಎನ್ನುತ್ತಾರೆ. ಅನುಕರಣಯೋಗ್ಯವಾದುದಕ್ಕೂ 'ಮಾದರಿ' ಎಂದೇ ಹೆಸರು. ಮರಾಠಿಯ 'ನಮುನಾ' ಎಂಬುದನ್ನು 'ನಮೂನೆ'ಯೆಂದು ತಂದರೆ, ಕನ್ನಡದ ಕಚೇರಿಗಳಲ್ಲಿ ಅದು ತುಂಬಿಕೊಡಬೇಕಾದ ಅರ್ಜಿಯ ಕಾಗದವಾಗುತ್ತದೆ. 'ನೀರಿನ ಮಾದರಿ' ಎಂದು ಪೂರ್ಣವಾಗಿ ಬರೆಯುವುದೇ ಲೇಸು.

ಈ ಎಚ್ಚರವು ಕೇವಲ ಪಾಂಡಿತ್ಯದ ವಿಷಯವಲ್ಲ. ಸೊಲ್ಲಾಪುರ ಜಿಲ್ಲೆಯ ತೆಂಕಣ ಅಂಚಿನಲ್ಲಿ ಭೀಮೆಯೇ ಎರಡು ರಾಜ್ಯಗಳ ಎಲ್ಲೆ. ನೀರು ಒಂದೇ ಆದರೂ ಮಂಡಳಿಗಳು ಎರಡು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಪೆಟ್ಟಿಗೆಯನ್ನು ಬಳಸಲು ಕಲಿಸಬೇಕೆಂದು ವಿಧಿಸಿದೆ. ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಲ್ಲಿ ಅಂಥ ಮಹಿಳೆಯು ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿ ಓದಿದವಳಾಗಿರಬಹುದು. ಆಕೆ ಫಲಿತಾಂಶವನ್ನು ಓಣಿಯ ಹಿರಿಯರಿಗೆ ಹೇಳಬೇಕಾದುದು ಕನ್ನಡದಲ್ಲಿ. ಮಲಮೂಲದ ಸೋಂಕನ್ನು ತಿಳಿಯುವ ಚಿಕ್ಕ ಶೀಶೆಯಲ್ಲಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಸೋಂಕಿದ್ದಲ್ಲಿ ಅದು ಕಪ್ಪಾಗುತ್ತದೆ. ಕಪ್ಪಾದಾಗ 'ಈ ನೀರನ್ನು ಕುದಿಸದೆ ಕುಡಿಯಬಾರದು' ಎಂದು ಹೇಳುವುದು ಸುಲಭ. ಕಪ್ಪಾಗದಿದ್ದಾಗ 'ಈ ನೀರಿನಲ್ಲಿ ಸೋಂಕು ಇಲ್ಲ' ಎಂದು ಬರೆಯಬಾರದು; 'ಈ ದಿನ, ಈ ಜಾಗದಲ್ಲಿ ತೆಗೆದ ನೀರಿನಲ್ಲಿ ಸೋಂಕು ಕಂಡುಬಂದಿಲ್ಲ' ಎಂದೇ ಬರೆಯಬೇಕು. ಶೀಶೆ ಬಲ್ಲದ್ದು ಅಷ್ಟನ್ನೇ; ನೈಟ್ರೇಟು, ಫ್ಲೋರೈಡುಗಳ ಪರೀಕ್ಷೆಗಳು ಬೇರೆ, ಅವಕ್ಕೆ ಪೆಟ್ಟಿಗೆಯಲ್ಲಿ ಬೇರೆ ಬಾಟಲಿಗಳಿವೆ.